ಐದರ ತನಕ ಎಣಿಸಿದ ಕನ್ನಡ

ನಮ್ಮ ಬಳಗದ ಅಧ್ಯಕ್ಷರಾದ ರೇವಣಪ್ಪನವರೇ, ಬ್ಯಾಂಕಿಗೆ ರಜೆ ಹಾಕಿ ಬಂದು ಎರಡು ಗಂಟೆಯಿಂದ ಈ ಗಟ್ಟಿ ಕುರ್ಚಿಯ ಮೇಲೆ ಕುಳಿತಿರುವ ಮುಖ್ಯ ಅತಿಥಿ ಬಿಂದುಮಾಧವರಾಯರೇ, ನನ್ನ ಕೈಯಿಂದ ಇಂಜೆಕ್ಷನ್ ಚುಚ್ಚಿಸಿಕೊಂಡೂ ನನ್ನ ಸನ್ಮಾನಕ್ಕೆ ಬಂದಿರುವ ನಾಸಿಕದ ಕನ್ನಡ ಬಂಧುಗಳೇ, ಸಭಿಕರೇ,

ಅಭಿನಂದನಾ ಪತ್ರದಲ್ಲಿ ಬಹಳ ದೊಡ್ಡ ಮಾತು ಬರೆದಿದ್ದೀರಿ. ಭಾಲ್ಕಿಯ ಮಗಳು ಸುಶೀಲಾಬಾಯಿ, ಮೂವತ್ತೆರಡು ವರ್ಷ ನರ್ಸು, ಒಂದು ಗಾಯವೂ ಕೀವಾಗಲಿಲ್ಲ, ಎಂಥ ಕೈಗುಣ! ಓದುವಾಗ ನನಗೇ ಈ ಹೆಣ್ಣುಮಗಳನ್ನು ನೋಡಬೇಕು ಅನ್ನಿಸಿತು. ಶಾಲು ಹೊದಿಸಿದಿರಿ. ಸೆಕೆಯಾಯಿತು, ಮಡಚಿ ಇಟ್ಟಿದ್ದೇನೆ, ತಪ್ಪು ತಿಳಿಯಬೇಡಿ.

ವೇದಿಕೆ ಹತ್ತುವ ಮೊದಲು ರೇವಣಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಅಕ್ಕಾರ, ಆ ವಿಷಯ ಇವತ್ತ ಬ್ಯಾಡ್ರಿ. ಹೆಣ್ಮಕ್ಕಳು ಕುಂತಾರ. ಕನ್ನಡದ ಬಗ್ಗಿ ಎರಡು ಮಾತು ಹೇಳಿ ಮುಗಸ್ರಿ." ಹಿರಿಯರು, ಅವರ ಮಾತು ಮೀರಬಾರದು. ಆಗಲಿ, ಕನ್ನಡದ ಬಗ್ಗೆಯೇ ಮಾತನಾಡುತ್ತೇನೆ. ಈ ಪರನಾಡಿನಲ್ಲಿ ನಾನು ಯಾರಿಗೆ ಕನ್ನಡ ಕಲಿಸಿದೆ, ಹೇಗೆ ಕಲಿಸಿದೆ ಎಂದು ಹೇಳುತ್ತೇನೆ.

ಆಗ ನನಗೆ ಇಪ್ಪತ್ತೆಂಟು. ಈಗ ಸಂಭಾಜಿನಗರ ಎನ್ನುವ ಊರಿನ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ. ಶಾಲೆಗೆ ಬೇಸಿಗೆ ರಜೆ ಬಿಟ್ಟಾಗ ಕೆಲವು ಬೋಹ್ರಾ ಮುಸಲ್ಮಾನರ ಮನೆಗಳ ಅಜ್ಜಿಯರು ಏಳು ವರ್ಷದ ಮೊಮ್ಮಕ್ಕಳನ್ನು ಕರೆತರುತ್ತಿದ್ದರು. ಐಸ್‌ಕ್ರೀಮ್ ಕೊಡಿಸುತ್ತೇನೆ ಎಂದು ಕೂಸಿಗೆ ಹೇಳಿರುತ್ತಿದ್ದರು. ಮಾಡಿಸುತ್ತಿದ್ದದ್ದು ಖತ್ನಾ. ಹೆಣ್ಣುಕೂಸಿನ ಗುಪ್ತಾಂಗದಿಂದ ಒಂದು ಚೂರನ್ನು ಕತ್ತರಿಸಿ ತೆಗೆಯುವುದು. ರೇವಣಪ್ಪನವರೇ, ತಲೆ ತಗ್ಗಿಸಬೇಡಿ. ಆ ಕೂಸಿಗೆ ತಲೆ ತಗ್ಗಿಸುವ ಅವಕಾಶವೂ ಇರಲಿಲ್ಲ, ನಾನು ಹಿಡಿದುಕೊಂಡಿರುತ್ತಿದ್ದೆ.

ಹೌದು, ಕತ್ತರಿ ಡಾಕ್ಟರರದು, ಹಿಡಿಯುವ ಕೈ ನನ್ನದು. ಸುಶೀಲಾ ಹಿಡಿದರೆ ಮಕ್ಕಳು ಹೆದರುವುದಿಲ್ಲ ಎಂದು ಹೆಸರಾಗಿತ್ತು. ಕಿವಿಯ ಹತ್ತಿರ ಬಾಯಿಟ್ಟು ನಮ್ಮ ಭಾಷೆಯಲ್ಲಿ ಐದರ ತನಕ ಎಣಿಸುತ್ತಿದ್ದೆ. ಒಂದು, ಎರಡು, ಮೂರು. ಅರ್ಥವಾಗದ ಮಾತಿಗೆ ಕೂಸು ಕಿವಿ ಕೊಡುತ್ತಿತ್ತು, ಅಷ್ಟರಲ್ಲಿ ಆಗಿಹೋಗುತ್ತಿತ್ತು. ಇದು ಸರಿಯೇ ಎಂದು ಒಮ್ಮೆಯಾದರೂ ಕೇಳಿಕೊಂಡೆನೇ? ಇಲ್ಲ. ಕತ್ತರಿಯನ್ನು ಇಪ್ಪತ್ತು ನಿಮಿಷ ಕುದಿಸುತ್ತಿದ್ದೆ. ಮನೆಯಲ್ಲಿ ಬ್ಲೇಡಿನಿಂದ ಮಾಡುವುದಕ್ಕಿಂತ ನಮ್ಮಲ್ಲಿ ಎಷ್ಟು ಸ್ವಚ್ಛ ಎಂದು ಹೆಮ್ಮೆಪಡುತ್ತಿದ್ದೆ. ನೀವು ಇವತ್ತು ಬರೆದುಕೊಟ್ಟ ಕೀವಾಗದ ಗಾಯಗಳಲ್ಲಿ ಅವೂ ಸೇರಿವೆ.

ನಂತರ ನಾಸಿಕಕ್ಕೆ ಬಂದೆ, ಮರೆತೆ. ಹೋದ ವರ್ಷ ಕ್ಲಿನಿಕ್ಕಿಗೆ ಇನ್ಸಿಯಾ ಎಂಬ ತಾಯಿ ಮಗಳನ್ನು ಜ್ವರಕ್ಕೆ ತೋರಿಸಲು ತಂದಳು. ಸೂಜಿ ಚುಚ್ಚುವಾಗ ಅಭ್ಯಾಸದಂತೆ ಎಣಿಸಿದೆ. ಒಂದು, ಎರಡು, ಮೂರು. ಹಿಂದಿನಿಂದ ಅವಳು ಮುಂದುವರಿಸಿದಳು. ನಾಲ್ಕು, ಐದು. ನನಗೆ ಎಲ್ಲಿಲ್ಲದ ಖುಷಿ! "ಅಯ್ಯ, ನಿಮಗ ಕನ್ನಡ ಬರ್ತದೇನ್ರಿ?" ಎಂದೆ. ಅವಳು ಹಿಂದಿಯಲ್ಲಿ ಹೇಳಿದಳು: "ಇಷ್ಟೇ ಬರೋದು, ಸಿಸ್ಟರ್. ಐದರ ನಂತರ ನನಗೆ ಬೇರೇನೂ ಕೇಳಿಸಲಿಲ್ಲ."

ನಾನು ಹಿಡಿದುಕೊಂಡಿದ್ದ ಕೂಸುಗಳಲ್ಲಿ ಅವಳೂ ಒಬ್ಬಳು. ಒಂದು ವಾರದ ಮೇಲೆ ಅವಳೇ ಮತ್ತೆ ಬಂದಳು, ಬೈಯಲಿಕ್ಕಲ್ಲ, ಕೆಲಸ ಹೇಳಲಿಕ್ಕೆ. ಅವಳೂ ಸೇರಿ ಅವರಲ್ಲೇ ಹನ್ನೊಂದು ಜನ ತಾಯಂದಿರು ಒಂದಾಗಿದ್ದಾರೆ. ಯಾರ ಮಗಳಿಗೆ ಏಳು ತುಂಬುತ್ತದೋ ಆ ರಜೆಯಲ್ಲಿ ಆ ಕೂಸು ಹಿರಿಯರೊಂದಿಗೆ ಒಂಟಿಯಾಗಿ ಹೊರಗೆ ಹೋಗುವಂತಿಲ್ಲ. ಐಸ್‌ಕ್ರೀಮಿಗೂ ಇಬ್ಬರು ತಾಯಂದಿರು ಜೊತೆಗೆ ಹೊರಡುತ್ತಾರೆ. ಅಜ್ಜಿ ಗೊಣಗಿದರೆ "ನಮಗೂ ಐಸ್‌ಕ್ರೀಮ್ ಇಷ್ಟ" ಎನ್ನುತ್ತಾರೆ. ಜಗಳವಿಲ್ಲ, ಘೋಷಣೆಯಿಲ್ಲ. ಅವರ ರೂಢಿಯಂತೆ ಎಲ್ಲರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುವಾಗ, ಅತ್ತೆಯ ಎದುರಿಗೇ, ತಮಗೆ ಆದದ್ದನ್ನು ಹೇಳುತ್ತಾರೆ. ಮದುವೆಮನೆಗಳಿಗೆ ಇವರನ್ನು ಕರೆಯುವುದು ಬಿಟ್ಟಿದ್ದಾರೆ. ಆದರೂ ಹೇಳುತ್ತಾರೆ. ಇದು ಅವರ ಹೋರಾಟ, ಅವರು ಕರೆದ ಕಡೆ ಹೋಗಿ ಸಾಕ್ಷಿ ಹೇಳುವವಳು ಮಾತ್ರ ನಾನು.

"ಅವರ ಜಾತಿಯ ವಿಷಯ, ನಮಗ್ಯಾಕ?" ಎಂದು ನಮ್ಮವರು ಕೆಲವರು ಕೇಳಿದ್ದಾರೆ. ನಿಮಗ್ಯಾಕೆಯೇ? ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಿಮ್ಮ ಅಕ್ಕನ ಕೈ ಅದು! ಅಲ್ಲಿ ಹಿಂದೆ ಫೋನು ಎತ್ತಿ ಹಿಡಿದವರಿಗೂ ಹೇಳುತ್ತೇನೆ. "ನೋಡಿ, ಆ ಜನ ಎಂಥವರು" ಎಂದು ಊರಿಗೆಲ್ಲ ಕಳಿಸುವ ಆಸೆಯಿದ್ದರೆ ನನ್ನ ಮುಖ ಹಾಕಿ, ನನ್ನ ಹೆಸರು ಹಾಕಿ. ಆ ಹನ್ನೊಂದು ಜನರ ಮೇಲೆ ಒಂದು ಮಾತು ಬಂದರೆ ನಾನು ಸುಮ್ಮನಿರುವವಳಲ್ಲ.

ಇನ್ಸಿಯಾಳ ಮಗಳು ಅರ್ವಾಗೆ ಹೋದ ತಿಂಗಳು ಏಳು ತುಂಬಿತು. ಇನ್ಸಿಯಾಳ ಅತ್ತೆ ಝುಲೇಖಾಬಾಯಿ ಖತ್ನಾಕ್ಕೆ ದಿನ ಗೊತ್ತುಮಾಡಿಬಿಟ್ಟಿದ್ದರು, ಬರುವ ಶುಕ್ರವಾರ. ನಾನು ಅವರ ಮನೆಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದೆ. "ಡಾಕ್ಟರ್ ಹತ್ತಿರವೇ ಮಾಡಿಸ್ತೀನಿ, ಸಿಸ್ಟರ್, ಎಲ್ಲ ಸ್ವಚ್ಛ ಇರ್ತದೆ" ಎಂದರು. ನನ್ನದೇ ಮಾತು ನನಗೇ ತಿರುಗಿ ಬಂತು. ನನಗೆ ಸಿಟ್ಟು ಬಂತು, ಅವರ ಮೇಲಲ್ಲ. "ನನ್ನ ಕೈ ಸ್ವಚ್ಛ ಇತ್ತು ಅಮ್ಮಾ, ಕೆಲಸ ಹೊಲಸಿತ್ತು" ಎಂದೆ.

ಝುಲೇಖಾಬಾಯಿ ತಿರುಗಿ ಕೇಳಿದರು. "ನನ್ನ ಮನೆಗೆ ಬಂದು ನನ್ನವರ ಮುಂದೆ ಹೇಳೋದು ಸುಲಭ. ಅಪ್ನೇ ಲೋಗೋಂ ಕೇ ಸಾಮ್ನೇ ಬೋಲೋಗೀ? ನಿನ್ನವರ ಮುಂದೆ ಹೀಗೇ ಹೇಳು. ಆಗ ನಾನು ಶುಕ್ರವಾರದ ಖತ್ನಾ ಕೈಬಿಡ್ತೀನಿ." ಈ ಸನ್ಮಾನಕ್ಕೆ ನಾನು ಒಪ್ಪಿದ್ದು ಅದಕ್ಕೇ, ರೇವಣಪ್ಪನವರೇ. ಕ್ಷಮಿಸಬೇಕು, ನಿಮ್ಮ ಶಾಲಿಗಾಗಿ ಅಲ್ಲ.

ಕೊನೆಯ ಸಾಲಿನಲ್ಲಿ ಝುಲೇಖಾಬಾಯಿ ಕುಳಿತಿದ್ದಾರೆ. ಪಕ್ಕದಲ್ಲಿ ನನ್ನ ಮಗಳು ರೂಪಾ ಒಂದೊಂದು ಮಾತನ್ನೂ ಹಿಂದಿಯಲ್ಲಿ ಹೇಳುತ್ತಿದ್ದಾಳೆ. ಇನ್ಸಿಯಾ ಇದ್ದಾಳೆ, ತನ್ನ ಹೆಸರು ಹೇಳಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಅರ್ವಾ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಾಳೆ, ನನ್ನ ಭಾಷಣಕ್ಕೆ ಸಿಕ್ಕ ಒಳ್ಳೆಯ ಪ್ರಶಸ್ತಿ ಅದು. ಅಮ್ಮಾ, ನಾನು ನನ್ನವರ ಮುಂದೆ ಹೇಳಿದೆ. ಒಂದು ಮಾತೂ ಮುಚ್ಚಿಡಲಿಲ್ಲ. ಈಗ ನಿಮ್ಮ ಮಾತು. ರೂಪಾ, ಹೇಳಿದೆಯೇನವ್ವಾ?

ಸಭಿಕರೇ, ಒಂದು ಗಳಿಗೆ ತಡೆಯಿರಿ.

ನೋಡಿದಿರಾ? ಝುಲೇಖಾಬಾಯಿ ಕೂಸನ್ನು ಎತ್ತಿ ತಾಯಿಯ ತೊಡೆಗೆ ಕೊಟ್ಟರು. ಶುಕ್ರವಾರದ ಮಾತು ಮುಗಿಯಿತು.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ, ತಡೆಯಬಹುದಾಗಿದ್ದರೂ ಮೈಕು ಕಸಿಯದ ಅಧ್ಯಕ್ಷರಿಗೆ, ನನ್ನ ಧನ್ಯವಾದ. ನಮಸ್ಕಾರ.