ಎಂಜಿನ್ ಕೇಸಿಗೆ ಒಂದು ಚೊಂಬು ತಣ್ಣೀರು

…ಅದಲ್ಲ ಕಣ್ರೋ, ಕಬ್ಬಿಣ ಆದ್ರೆ ಕಾದಾಗ ಕೆಂಪಗಾಗಿ ಹುಷಾರು ಅಂತ ಹೇಳುತ್ತೆ. ಈ ಅಲ್ಯೂಮಿನಿಯಂ ಮುಖದಲ್ಲಿ ಏನೂ ತೋರಿಸಿಕೊಳ್ಳೋದಿಲ್ಲ, ತಣ್ಣಗಿದ್ದಾಗಲೂ ಬೆಳ್ಳಗೆ, ಕರಗೋ ಗಳಿಗೆಯಲ್ಲೂ ಬೆಳ್ಳಗೆ, ಆಮೇಲೆ ತಟಕ್ಕನೆ ನೆಲದ ಮೇಲೆ. ನಿಮ್ಮಜ್ಜಿ ಥರ ಅನ್ನೋಣ ಅಂದ್ಕೊಂಡೆ, ಬೇಡ, ಒಳಗೇ ಇದ್ದಾಳೆ. ಕಷ್ಟದ ಕಾಲದ್ದು ಹೇಳು ತಾತ ಅಂದ್ರಲ್ಲ, ಬೇರೆಯವರ ತಾತಂದಿರು ರೇಷನ್ ಕ್ಯೂ, ಸೀಮೆಎಣ್ಣೆ ಕ್ಯೂ ಅಂತ ಹೇಳ್ತಾರೆ. ನನಗೆ ನಿಜವಾದ ಕಷ್ಟ ಬಂದದ್ದು ರಿಟೈರ್ ಆದ ಮೇಲೆ, ಕುವೆಂಪುನಗರದ ಇದೇ ಜಗಲಿ ಮೇಲೆ ಹೊಟ್ಟೆ ತುಂಬ ಉಂಡು ಕೂತಿದ್ದಾಗ. ಅದೇನೂ ಬಾಗಿಲು ಒಡೆದುಕೊಂಡು ಬರಲಿಲ್ಲ, ನಾನೇ ಗೇಟು ತೆಗೆದು, ಬಾರಪ್ಪಾ, ಕೂತ್ಕೋ ಅಂದೆ.

ಗಾಡಿ ನಮ್ಮಪ್ಪಂದು, ನಿಮಗೆ ಗೊತ್ತಲ್ಲ. ಈ ಊರಲ್ಲೇ ತಯಾರಾದ ಬೈಕು. ಅಪ್ಪ ಅದರಲ್ಲೇ ಆಫೀಸಿಗೆ ಹೋದರು, ಅದರಲ್ಲೇ ನನ್ನ ಮದುವೆಗೆ ಬಾಳೆಎಲೆ ತಂದರು, ಅಲ್ಲ ಅಲ್ಲ, ಎಲೆ ತಂದದ್ದು ಚಿಕ್ಕಪ್ಪನ ಮದುವೆಗೆ, ಇರಲಿ. ಆ ವರ್ಷ ಅದರ ರಿಜಿಸ್ಟ್ರೇಷನ್ ರಿನ್ಯೂವಲ್ ಆಗಬೇಕು, ಗಡುವಿಗೆ ಹದಿನೈದು ದಿನ ಇದೆ, ಎಂಜಿನ್ ಒಳಗೆ ಗೊರಗೊರ ಸದ್ದು. ಒಂದು ಬೇರಿಂಗು ಸವೆದಿದೆ, ಅಷ್ಟೇ. ನಿಮ್ಮಜ್ಜಿ ಅಂದ್ಲು, "ಮೆಕ್ಯಾನಿಕ್ಕಿಗೆ ಕೊಟ್ಬುಡಿ ಅಂದ್ರೆ." ನಾನು ಕೊಡ್ತೀನಾ? ಕೂದಲು ಬೆಳ್ಳಗಾಗೋ ತನಕ ಕಾಲೇಜಲ್ಲಿ ಫಿಸಿಕ್ಸ್ ಪಾಠ ಹೇಳಿದವನು! ಬಿಸಿಗೆ ಲೋಹ ಹಿಗ್ಗುತ್ತೆ, ಉಕ್ಕಿಗಿಂತ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತೆ, ಹೊರಗಿನ ಅಲ್ಯೂಮಿನಿಯಂ ಕೇಸು ಕಾಯಿಸಿದ್ರೆ ಒಳಗಿನ ಉಕ್ಕಿನ ಬೇರಿಂಗು ತಾನಾಗೇ ಕಳಚಿ ಬೀಳುತ್ತೆ. ಎಷ್ಟು ಸಲ ಬೋರ್ಡ್ ಮೇಲೆ ಬರೆದಿದ್ದೀನಿ ಇದನ್ನ. ಎಂಜಿನ್ ಬಿಚ್ಚಿ, ಅರ್ಧ ಕೇಸನ್ನ ಅಡುಗೆಮನೆ ಗ್ಯಾಸ್ ಒಲೆ ಮೇಲಿಟ್ಟೆ. ನಿಮ್ಮಜ್ಜಿ ಹಿತ್ತಲಲ್ಲಿ ಬಟ್ಟೆ ಒಣಹಾಕ್ತಿದ್ದಳು. ಹಳೇ ಆಯಿಲ್ ಹೊಗೆ ಮನೆಯೆಲ್ಲ ತುಂಬ್ತು, ಬೇರಿಂಗು ಬೀಳಲಿಲ್ಲ. ಇನ್ನು ಐದು ನಿಮಿಷ ಬಿಟ್ಟಿದ್ರೆ ಬೀಳ್ತಿತ್ತು ಕಣ್ರೋ, ಅದೇ ಹೊಟ್ಟೆ ಉರಿಯೋದು! ಆದ್ರೆ ಓದಿದವನ ತಲೆ ಸುಮ್ಮನೆ ಇರುತ್ತಾ? ಹೊರಗಿನದು ಹಿಗ್ಗಿರೋವಾಗಲೇ ಒಳಗಿನದು ಕುಗ್ಗಲಿ ಅಂತ ಬೇರಿಂಗ್ ಮೇಲೆ ಒಂದು ಚೊಂಬು ತಣ್ಣೀರು ಹುಯ್ದೆ. ಟಣ್! ಬೇರಿಂಗು ಸಲೀಸಾಗಿ ಈಚೆಗೆ ಬಂತು. ಕೇಸೇ ಬಾಯಿ ಬಿಟ್ಟ ಮೇಲೆ ಬರದೆ ಇರುತ್ತಾ?

ಬಿರುಕು ಎಲ್ಲಿಗೆ ಹೋಗಿತ್ತು ಗೊತ್ತಾ? ಎಂಜಿನ್ ನಂಬರು ಒತ್ತಿರ್ತಾರಲ್ಲ, ಅದರ ಕೆಳಗೆ, ಒಂದು ಬೆರಳು ದೂರಕ್ಕೆ. ಬೇರೆ ಕೇಸು ಹಾಕಿದ್ರೆ ನಂಬರು ಬದಲಾಗುತ್ತೆ, ಆರ್‌ಸಿ ಪುಸ್ತಕಕ್ಕೆ ತಾಳೆ ಆಗಲ್ಲ, ರಿನ್ಯೂವಲ್ ಇಲ್ಲ, ಅಪ್ಪನ ಗಾಡಿ ಗುಜರಿಗೆ. ಇದೇ ಕೇಸು ಉಳೀಬೇಕು, ಇದೇ ನಂಬರು ಉಳೀಬೇಕು. ಅಷ್ಟರಲ್ಲಿ ನಿಮ್ಮಜ್ಜಿ ಒಳಗೆ ಬಂದ್ಲು. "ಏನ್ರೀ ಬಿರುಕು ಇದು?" "ಹಳೇದು ಕಣೇ, ಅಪ್ಪನ ಕಾಲದ್ದು." ನೋಡಿ, ಸತ್ತು ಸ್ವರ್ಗದಲ್ಲಿರೋ ಅಪ್ಪನ ತಲೆಗೆ ಕಟ್ಟಿಬುಟ್ಟೆ, ನಾಲಿಗೆ ಕೂಡ ತಡವರಿಸಲಿಲ್ಲ. ಅವಳು, "ಮಾವನೋರದ್ದಾ?" ಅಂದು ಕಿಟಕಿ ತೆಗೆದಳು, ಅಷ್ಟೇ.

ಕಡಕೊಳದಲ್ಲಿ ಪುಟ್ಟಸ್ವಾಮಿ ಅಂತ ಒಬ್ಬರು, ಅಲ್ಯೂಮಿನಿಯಂ ವೆಲ್ಡಿಂಗ್‌ಗೆ ಅವರೇ ಸರಿ ಅಂತ ಎಲ್ಲರೂ ಹೇಳಿದರು. ಕೇಸನ್ನ ಬೆಡ್‌ಶೀಟಲ್ಲಿ ಸುತ್ತಿ, ಕೂಸನ್ನ ಡಾಕ್ಟರ ಹತ್ರ ಎತ್ಕೊಂಡು ಹೋದ ಹಾಗೆ ಆಟೋದಲ್ಲಿ ಹೋದೆ. ಅವರು ಎತ್ತಿ ನೋಡಿದ್ದು ಒಂದೇ ಸಲ. "ಏನ್ ಸಾ, ಬಿಸೀ ಮೇಲೆ ನೀರು ಉಯ್ದ್ಬುಟ್ರಾ?" "ಇಲ್ಲಪ್ಪಾ, ಹಳೇ ಬಿರುಕು." "ಅಂಗೇ ಅನ್ನಿ," ಅಂದು ನಕ್ಕರು. ಅಲ್ಲಿಂದ ನಾನು ಬಾಯಿ ಬಿಟ್ಟೆ ನೋಡಿ, ಆಕ್ಸೈಡ್ ಪದರ, ಉಷ್ಣವಾಹಕತೆ, ಎಲ್ಲಾ. ಅವರು ಕೇಳಿಸ್ಕೊಂಡು, ನನ್ನ ಕೈಗೆ ಬಟ್ಟೆ ಸೋಪು ಕೊಟ್ಟು, "ಮೇಲೆಲ್ಲ ಉಜ್ಜಿ ಸಾ" ಅಂದರು. ಯಾಕೆ ಅಂತೀರಾ? ಈ ಲೋಹ ಕಾದದ್ದನ್ನ ಮುಖದಲ್ಲಿ ತೋರಿಸಲ್ಲ, ಸೋಪು ತೋರಿಸುತ್ತೆ. ಸೋಪಿನ ಗೆರೆ ಕಂದು ಬಣ್ಣಕ್ಕೆ ತಿರುಗಿತು ಅಂದ್ರೆ ಹದ ಬಂತು, ಇನ್ನು ಕಾಯಿಸಬಾರದು. ಯಾವ ಪಠ್ಯಪುಸ್ತಕದಲ್ಲೂ ಓದಿರಲಿಲ್ಲ ನಾನು! ಬಿರುಕಿನ ತುದಿಗೆ ಒಂದು ಸಣ್ಣ ತೂತು ಕೊರೆದು ಅದು ಮುಂದಕ್ಕೆ ಓಡದ ಹಾಗೆ ನಿಲ್ಲಿಸಿದರು, ಸೀಳನ್ನ ಅರದಿಂದ ಅಗಲ ಮಾಡಿ, ಒಳಗೆ ಕೂತಿದ್ದ ಎಣ್ಣೆನೆಲ್ಲ ಕಾಯಿಸಿ ಕಾಯಿಸಿ ಹೊರಡಿಸಿ, ಆಮೇಲೆ ಬೆಸುಗೆ. ನಿಧಾನಕ್ಕೆ ಆರಲಿ ಅಂತ ಬಿಸಿ ಕೇಸನ್ನ ಬೂದಿ ಡಬ್ಬದಲ್ಲಿ ಹೂತು, "ನಾಳೆ ಬೆಳಿಗ್ಗೆ ಗಂಟ ಮುಟ್ಟಂಗಿಲ್ಲ. ನೀರಂತೂ ಇಲ್ವೇ ಇಲ್ಲ," ಅಂದರು. ಆ ಎರಡನೇ ಮಾತನ್ನ ನನ್ನ ಮುಖ ನೋಡ್ಕೊಂಡೇ ಹೇಳಿದ್ದು.

ಮಾರನೇ ದಿನ ತೆಗೆದ್ರೆ, ಬೆಸುಗೆ ಕಂಬಳಿಹುಳ ಮಲಗಿದ ಹಾಗೆ ಕೂತಿದೆ. "ಪುಟ್ಟಸ್ವಾಮಿಯವರೇ, ಇದನ್ನ ಉಜ್ಜಿ ನುಣ್ಣಗೆ ಮಾಡಿಕೊಡಿ, ಗುರುತೇ ಸಿಗಬಾರದು." ಅವರು ಬೀಡಿ ಕಿವಿಗೆ ಸಿಕ್ಕಿಸಿಕೊಂಡು, "ಉಜ್ಜಿದ್ರೆ ನಂಬರೂ ಓಯ್ತದೆ ಸಾ. ನಂಬರು ಬೇಕಾ, ಮರ್ಯಾದೆ ಬೇಕಾ?" ಅಂದರು. ನಂಬರೇ ಇರಲಿ ಅಂದೆ.

ಹೊಸ ಬೇರಿಂಗು ಹಾಕಿ, ಎಂಜಿನ್ ಜೋಡಿಸಿ, ಗಡುವಿಗೆ ಎರಡು ದಿನ ಇದೆ ಅನ್ನುವಾಗ ಆರ್‌ಟಿಓ ಆಫೀಸಿಗೆ ಹೊರಟೆ. ನಿಮ್ಮಜ್ಜಿ, "ನಾನೂ ಬರ್ತೀನಿ, ಮಾವನೋರ ಗಾಡಿ," ಅಂತ ಹಿಂದೆ ಕೂತಳು. ಇನ್ಸ್‌ಪೆಕ್ಟರು ಹೆಣ್ಣುಮಗಳು, ಬಗ್ಗಿ ಟಾರ್ಚ್ ಬಿಟ್ಟು ನೋಡಿದ್ರು. "ಏನ್ರೀ ಇದು, ನಂಬರ್ ಪಕ್ಕದಲ್ಲೇ ವೆಲ್ಡಿಂಗು?" "ಹಳೇದು ಮೇಡಂ, ನಮ್ಮ ತಂದೆ ಕಾಲದ್ದು." "ತಂದೆ ಕಾಲದ್ದು ಇಷ್ಟು ಹೊಳೆಯುತ್ತಾ? ನಂಬರ್ ತಿದ್ದಿದ ಹಾಗಿದೆ. ಗಾಡಿ ಇಲ್ಲೇ ಇರಲಿ, ವಿಚಾರಿಸಬೇಕು." ನಿಮ್ಮಜ್ಜಿ ಕಡೆ ನೋಡಿದೆ, ಅವಳು ಆಕಾಶ ನೋಡ್ತಿದ್ದಾಳೆ. ಇನ್ನೇನು ಮಾಡೋದು, ಅಷ್ಟು ಜನರ ಎದುರಿಗೆ ಒದರಿಬುಟ್ಟೆ: ಮೇಡಂ, ನಾನು ಫಿಸಿಕ್ಸ್ ಲೆಕ್ಚರರ್ ಆಗಿದ್ದವನು, ಒಲೆ ಮೇಲೆ ಕಾಯಿಸಿ, ತಣ್ಣೀರು ಹುಯ್ದು, ನಾನೇ ಒಡೆದದ್ದು.

"ಯಾವ ಒಲೆ?" ಅಂದ್ರು ಆಯಮ್ಮ.

"ಅಡುಗೆಮನೇದು," ಅಂತ ಉತ್ತರ ಕೊಟ್ಟಿದ್ದು ನಿಮ್ಮಜ್ಜಿ. "ಆ ಟಣ್ ಅನ್ನೋ ಸದ್ದು ಹಿತ್ತಲಿಗೆ ಕೇಳಿಸಲ್ವಾ ಮೇಡಂ? ಮಾವನೋರ ಹೆಸರು ಹೇಳೋದು ಯಾವತ್ತು ನಿಲ್ಲಿಸ್ತಾರೋ ಅಂತ ಕಾಯ್ತಿದ್ದೆ."

ಇನ್ಸ್‌ಪೆಕ್ಟರು ನಗು ತಡೀಲಾರದೆ ಕರ್ಚೀಫ್ ಬಾಯಿಗಿಟ್ಟುಕೊಂಡರು. ಒಂದೊಂದೇ ಅಂಕಿಯನ್ನ ಪುಸ್ತಕದ ಜೊತೆ ತಾಳೆ ನೋಡಿ, "ನಂಬರ್ ಸರಿಯಾಗಿದೆ. ಕದ್ದ ಗಾಡಿಯವರು ಇದಕ್ಕಿಂತ ಮರ್ಯಾದಸ್ಥ ಸುಳ್ಳು ಹೇಳ್ತಾರೆ ಸಾರ್," ಅಂದು ಸಹಿ ಹಾಕಿದರು.

ಅಷ್ಟೇ ಕಣ್ರೋ. ಏನಾದ್ರೂ ಒಡೆದ್ರೆ ಒಡೆದೆ ಅಂತ ಮೊದಲು ಹೇಳಿ, ರಿಪೇರಿ ಆಮೇಲೆ. ಹೂಂ, ಏಳಿ, ಕೈ ತೊಳ್ಕೊಳ್ಳಿ, ತಟ್ಟೆ ಹಾಕಿದ್ದಾಳೆ.