ಅಜ್ಜಿಯ ಹೊಟ್ಟೆ ಕುಣಿದದ್ದು

ಪೇಸ್‌ಮೇಕರ್ ತಪಾಸಣೆಗೆ ಕಾಯುತ್ತಿದ್ದ ದರ್ಜಿಯ ಕಿವಿ ನಿಮಿರಿತು. ಒಳಗಿಂದ ಬಂದು ಕೂತ ಅಜ್ಜಿಯನ್ನು ಪಕ್ಕದ ಕುರ್ಚಿಯಲ್ಲಿದ್ದ ಗಂಡ ಕೇಳುತ್ತಿದ್ದರು.

“ಏನಂದ್ರು ಡಾಕ್ಟ್ರು?”

“ಹೃದಯಕ್ಕೆ ಹಾಕಿದ ತಂತೀಲಿ ಕರೆಂಟು ಜಾಸ್ತಿ ಇತ್ತಂತೆ. ಅದಕ್ಕೇ ಮಲಗಿದಾಗೆಲ್ಲ ಹೊಟ್ಟೆ ಕುಣೀತಿತ್ತು. ತಗ್ಗಿಸಿದ್ರು, ನಿಂತೇಹೋಯ್ತು.”

“ಅಂದ್ರೆ, ರಾತ್ರಿ ಹೊತ್ತು ನನ್ನ ಜೋಕಿಗೆ ನೀನು ನಗ್ತಿರಲಿಲ್ವಾ?”

“ನಿಮ್ಮ ಜೋಕಿಗೆ ಮದುವೆಯಾದಾಗಿಂದ ಯಾರು ನಕ್ಕಿದಾರೆ?”

“ನಾನು ಹುಡುಕಿ ಹುಡುಕಿ ಹೇಳ್ತಿದ್ನಲ್ಲೇ! ಮೊದಲೇ ಬಾಯಿಬಿಡೋಕೇನಾಗಿತ್ತು?”

“ಅಷ್ಟು ಖುಷಿಯಾಗಿದ್ರಿ, ಹೇಳೋಕೆ ಮನಸ್ಸು ಬರ್ಲಿಲ್ಲ. ಮುಚ್ಚಿಟ್ಟಿದ್ದಕ್ಕೆ ಡಾಕ್ಟ್ರ ಹತ್ರ ಬೈಸಿಕೊಂಡೂ ಆಯ್ತು.”

ಅಜ್ಜ ತಲೆ ಕೆರೆದುಕೊಂಡರು.

“ಒಂದು ಚೂರು ಜಾಸ್ತಿ ಮಾಡಿಸ್ಕೊಂಡು ಬರೋಣ್ವಾ?”

ಅಜ್ಜಿ ಗಂಡನ ತೋಳು ಹಿಡಿದೆದ್ದರು. ಕರೆಂಟು ತಗ್ಗಿತ್ತು, ನಿಜ. ಬಾಗಿಲು ದಾಟುವವರೆಗೂ ಹೊಟ್ಟೆ ಮಾತ್ರ ಕುಣಿಯುತ್ತಲೇ ಇತ್ತು.