ಓಬಯ್ಯನ ಕೆಂಪು ಟವೆಲ್

ಸವಳಂಗ ರಸ್ತೆಯ ನನ್ನ ಹಿಟ್ಟಿನ ಗಿರಣಿಯಲ್ಲಿ ಆ ಸಂಜೆ ಏಳು ಡಬ್ಬಿಗಳು ಸಾಲಿನಲ್ಲಿದ್ದವು, ಕರೆಂಟು ಮಾತ್ರ ಇರಲಿಲ್ಲ. ಹೊರಗೆ ಮಳೆ ಹಿಡಿದುಕೊಂಡಿತ್ತು. ಡಬ್ಬಿ ಇಟ್ಟು ಮನೆಗೆ ಹೋಗಲು ಯಾರಿಗೂ ಧೈರ್ಯವಿಲ್ಲ, ಹೋದವರ ಸರದಿ ನಾನು ತಪ್ಪಿಸುತ್ತೇನೆಂಬ ಗುಮಾನಿ. ತಪ್ಪಿಸುವವನೇ ನಾನು. ಕರೆಂಟಿನವರನ್ನು ಬೈದು ಬೈದು ಬಾಯಿ ಒಣಗಿ ಕೂತಿದ್ದಾಗ, ವಿನೋಬನಗರದಿಂದ ರಾಗಿ ತಂದಿದ್ದ ಸಮತಾ ಮೇಡಂ ಹೊತ್ತು ಕಳೆಯಲು ಒಂದು ಮಾತು ತೆಗೆದರು. ಅವರು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವವರು. ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲವಂತೆ. ನೆನೆಸಿಕೊಂಡಾಗಲೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದಂತೆ, ಕಟ್ಟುವಾಗ ಕೇಳಿದ್ದು, ಹೇಳಿದ್ದು ಎಲ್ಲವನ್ನೂ ಸೇರಿಸಿಬಿಡುತ್ತದಂತೆ. ಎಲ್ಲ ಸುಳ್ಳು, ನನ್ನ ಮದುವೆ ನನಗೆ ನಡೆದ ಹಾಗೇ ನೆನಪಿದೆ ಎಂದು ನಾನು ರೇಗಿದೆ.

ಮೂಲೆಯಲ್ಲಿ ಗೋಧಿ ಚೀಲದ ಮೇಲೆ ಕೂತಿದ್ದ ಜಂಬಣ್ಣನವರು ದಡಕ್ಕನೆ ಎದ್ದು ನಿಂತರು. ಎಪ್ಪತ್ತು ದಾಟಿದ ಮುದುಕ, ಭದ್ರಾವತಿಯ ಯಾವುದೋ ಎರಕದ ಕಾರ್ಖಾನೆಯಲ್ಲಿ ಜೀವಮಾನ ದುಡಿದು ಈಗ ಮಗಳ ಮನೆಯಲ್ಲಿರುವವರು. ಅವರ ಕಣ್ಣು ಕೆಂಡದಂತೆ ಹೊಳೆಯುತ್ತಿತ್ತು.

“ಮೇಡಂ ಹೇಳಿದ್ದು ನಿಜ ಕಣ್ರೀ. ಅದು ಎಷ್ಟು ನಿಜ ಅಂತ ಅವರಿಗೂ ಗೊತ್ತಿಲ್ಲ. ಹತ್ತಿರ ಬನ್ನಿ ಎಲ್ರೂ, ಹೇಳ್ತೀನಿ... ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಕ್ರೇನ್ ನಡೆಸೋನು ಮೇಲಿರ್ತಾನೆ, ಅವನಿಗೆ ಕೆಳಗಿಂದು ಸರಿಯಾಗಿ ಕಾಣಲ್ಲ. ಕೆಳಗೆ ನಿಂತೋನು ಕೊಕ್ಕೆ ಹತ್ತಿರ ಯಾರೂ ಇಲ್ಲ ಅಂತ ಕಣ್ಣಾರೆ ನೋಡಿ ಎರಡು ಸಲ ಸೀಟಿ ಊದಿದ್ರೆ ಮಾತ್ರ ಅವನು ಎತ್ತಬೇಕು. ಸೀಟಿ ಯಾರ ಕೊರಳಲ್ಲಿತ್ತು? ನನ್ನ ಕೊರಳಲ್ಲಿ. ಮೇಲೆ ಹಾಲೇಶ್. ಕೆಳಗೆ, ಅಚ್ಚಿನ ಪೆಟ್ಟಿಗೆಗೆ ಸರಪಳಿ ಬಿಗೀತಿದ್ದೋನು ಓಬಯ್ಯ. ಅವನು ಊಟಕ್ಕೆ ಕೂತಾಗಲೂ ತಲೆ ಮೇಲಿನ ಹೆಲ್ಮೆಟ್ ತೆಗೀತಿರ್ಲಿಲ್ಲ. ಅದನ್ನ ಹಾಕ್ಕೊಂಡೇ ಹುಟ್ಟಿದ್ಯೇನೋ ಮಾರಾಯ ಅಂತ ನಾವು ಗೇಲಿ ಮಾಡ್ತಿದ್ವಿ.

“ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಕ್ಯಾಂಟೀನಿನ ಟೀ ಬಂತು. ನಾನು ಟೀ ಕಡೆ ತಿರುಗಿಕೊಂಡೇ ಸೀಟಿ ಊದಿದೆ... ಎರಡು ಸಲ. ಹಾಲೇಶ್ ಎತ್ತಿದ. ಪೆಟ್ಟಿಗೆ ವಾಲಿ, ಬೀಸಿ ಬಂದು ಓಬಯ್ಯನಿಗೆ ಬಡೀತು. ಹೆಲ್ಮೆಟ್ ಎರಡು ಹೋಳು. ಅವನು ನನ್ನ ಕಡೆ ನೋಡ್ತಾನೇ ಪ್ರಾಣ ಬಿಟ್ಟ.

“ಮೂರು ದಿನ ಬಿಟ್ಟು ವಿಚಾರಣೆ. ನಾನು, ಹಾಲೇಶ್, ನಮ್ಮ ಮೇಸ್ತ್ರಿ ವೀರಪ್ಪ, ಮೂರೂ ಜನ ಕೂತು ಮಾತು ಹೊಂದಿಸಿದ್ವಿ. ಓಬಯ್ಯ ಹೆಲ್ಮೆಟ್ ಹಾಕಿರ್ಲಿಲ್ಲ, ಸೀಟಿ ಆದಮೇಲೆ ತಾನೇ ನುಗ್ಗಿದ... ಬರೀ ಇಷ್ಟು ಹೇಳಿದ್ರೆ ಯಾರು ನಂಬ್ತಾರೆ, ಏನಾದ್ರೂ ಗುರುತು ಬೇಕು ಅಂದ ವೀರಪ್ಪ. ತಲೆಗೆ ಕೆಂಪು ಟವೆಲ್ ಸುತ್ತಿದ್ದ ಅನ್ನೋಣ ಅಂದೋನು ಯಾರು? ನಾನೇ. ಒಬ್ಬ ಅಧಿಕಾರಿ ಥರ ಕೇಳೋದು, ಇಬ್ಬರು ಉತ್ತರ ಹೇಳೋದು, ಆಮೇಲೆ ಸರದಿ ಬದಲಾಯಿಸೋದು, ಹೀಗೆ ಹಗಲೂ ರಾತ್ರಿ ಎಷ್ಟು ಸಲ ಹೇಳಿದ್ವೋ ಲೆಕ್ಕವಿಲ್ಲ. ಒಡೆದ ಹೆಲ್ಮೆಟ್ ಕುಲುಮೆಗೆ ಹೋಯ್ತು. ತಪ್ಪು ಓಬಯ್ಯಂದೇ ಅಂತ ಬರೆದ್ರು. ಅವನ ಹೆಂಡತಿ ದ್ಯಾಮಮ್ಮ ಅಲ್ಲೇ ಕೂತು ಕೇಳಿಸ್ಕೊಂಡು, ನನ್ನ ಗಂಡ ಅಂಥವರಲ್ಲ ಅಂತ ಒಂದೇ ಮಾತು ಹೇಳಿ ಎದ್ದು ಹೋದ್ಲು.

“ಹಾಲೇಶ್ ಸತ್ತ, ವೀರಪ್ಪ ಸತ್ತ. ನಿಜ ಗೊತ್ತಿರೋನು ನಾನೊಬ್ಬನೇ ಉಳಿದೆ. ನಾನು ಸಾಯೋದ್ರೊಳಗೆ ದ್ಯಾಮಮ್ಮನಿಗೆ ಹೇಳಿಬಿಡ್ಬೇಕು, ಅವನ ಹೆಸರಿನ ಮಸಿ ತೊಳೀಬೇಕು ಅಂತ ಹೋದ ವರ್ಷ ನಿರ್ಧಾರ ಮಾಡಿದೆ. ನಡೆದದ್ದನ್ನ ಸಾಲಾಗಿ ನೆನೆಸಿಕೊಳ್ಳೋಣ ಅಂತ ಕಣ್ಣು ಮುಚ್ಚಿ ಕೂತೆ. ಮೂರು ಗಂಟೆ... ಟೀ... ಸೀಟಿ... ಓಬಯ್ಯ ತಿರುಗಿದ. ತಲೆ ಮೇಲೆ ಏನಿತ್ತು ಅಂತೀರಿ? ಕೆಂಪು ಟವೆಲ್. ಮತ್ತೆ ಮೊದಲಿಂದ ನೆನೆದೆ. ಮತ್ತೂ ಕೆಂಪು ಟವೆಲ್. ಹೆಲ್ಮೆಟ್ ಹಳದಿಯೋ ನೀಲಿಯೋ ಅದೂ ನೆನಪಿಗೆ ಬರ್ತಿಲ್ಲ, ಟವೆಲ್ಲಿನ ಅಂಚಿನ ದಾರ ಮಾತ್ರ ಒಂದೊಂದೂ ಕಾಣುತ್ತೆ.

“ಹೆದರಿಕೆ ಆಯ್ತು. ಪೂರ್ತಿ ಮರೆಯೋದ್ರೊಳಗೆ ಹೇಳ್ಬೇಕು ಅಂತ ಬೆಳಿಗ್ಗೇನೇ ಭದ್ರಾವತಿ ಬಸ್ಸು ಹತ್ತಿದೆ. ನನ್ನ ಮುಂದಿನ ಸೀಟಲ್ಲಿ ಕೂತಿದ್ದ ಕಣ್ರೀ... ಹಾಡಹಗಲಲ್ಲಿ, ತಲೆಗೆ ಕೆಂಪು ಟವೆಲ್ ಸುತ್ತಿಕೊಂಡು. ಸತ್ತ ಓಬಯ್ಯ ಬಂದಿದ್ರೆ ಹೆಲ್ಮೆಟ್ ಹಾಕ್ಕೊಂಡು ಬರ್ಬೇಕಿತ್ತಲ್ವ? ಇವನು ಅವನಲ್ಲ. ಇವನು ನಾವು ಮೂರು ಜನ ಬಾಯಲ್ಲಿ ಹುಟ್ಟಿಸಿದೋನು. ನಾನು ಇಳಿದೆ, ಅವನೂ ಇಳಿದ. ನನಗಿಂತ ಮುಂದೆ ನಡ್ಕೊಂಡು ಸೀದಾ ದ್ಯಾಮಮ್ಮನ ಮನೆ ಒಳಗೆ ಹೋದ, ಚಪ್ಪಲಿ ಬಿಟ್ಟು... ಮನೆ ಯಜಮಾನ ಹೋದ ಹಾಗೆ.

“ದ್ಯಾಮಮ್ಮ ಅಕ್ಕಿ ಆರಿಸ್ತಾ ಕೂತಿದ್ಲು. ನಾನು ಕೈಮುಗಿದು ಎಲ್ಲಾ ಹೇಳ್ಕೊಂಡೆ. ತಪ್ಪು ನಂದು ತಾಯಿ, ಓಬಯ್ಯ ಹೆಲ್ಮೆಟ್ ಹಾಕಿದ್ದ ಅಂದೆ. ಅವಳು ನನ್ನನ್ನ ಮರುಳನ ಥರ ನೋಡಿದ್ಲು. ‘ಅವರ ತಪ್ಪು ನೀನ್ಯಾಕಣ್ಣ ಹೊತ್ಕೊಳ್ತೀಯ? ಅವರೇ ದಿನಾ ಬಂದು ಇಲ್ಲಿ ಕೂತು, ತಪ್ಪು ನಂದೇ ಕಣೆ ಅಂತಾರಲ್ಲ. ಆ ಟವೆಲ್ ಬಿಚ್ಚಿಡಿ ಅಂದ್ರೆ ಕೇಳಲ್ಲ. ಹೆಲ್ಮೆಟ್ ಅಂದ್ರೆ ಅವರಿಗೆ ಮೊದಲಿಂದ ಆಗ್ತಿರ್ಲಿಲ್ಲ’ ಅಂದ್ಲು.

“ನನ್ನ ಗಂಡ ಅಂಥವರಲ್ಲ ಅಂದೋಳು... ಅವಳೇ ಹೀಗಂದ್ಲು. ಹಾಗಾದ್ರೆ ನಿಜವಾದ ಓಬಯ್ಯ ಎಲ್ಲಿ? ಅವನು ಈಗ ಎರಡನೇ ಸಲ ಸತ್ತ. ಅದಕ್ಕೇ ಸಿಕ್ಕಿದೋರಿಗೆಲ್ಲ ಹೇಳ್ತಿದೀನಿ, ಒಬ್ಬರಾದ್ರೂ ಅವನನ್ನ ಇದ್ದ ಹಾಗೆ ನೆನಪಿಟ್ಕೊಳ್ಳಲಿ ಅಂತ. ಕಣ್ಣು ಮುಚ್ಚಿ ಒಂದ್ಸಲ. ಓಬಯ್ಯನನ್ನ ನೋಡಿ... ತಲೆ ಮೇಲೆ ಏನಿದೆ?”

ನಾನೂ ಮುಚ್ಚಿದೆ. ಸಮತಾ ಮೇಡಂ ಸಣ್ಣ ದನಿಯಲ್ಲಿ “ಟವೆಲ್” ಎಂದರು. ಉಳಿದವರ ಜೊತೆ ನಾನೂ ತಲೆಯಾಡಿಸಿದೆ.

ಜಂಬಣ್ಣನವರು ಚೀಲದ ಮೇಲೆ ಕುಸಿದು ಕೂತರು.

“ಹೆಲ್ಮೆಟ್ ಹೆಲ್ಮೆಟ್ ಅಂತ ಬಡ್ಕೊಂಡೆ, ಆದ್ರೂ ನಿಮಗೆ ಕಂಡೋನು ಆ ಟವೆಲ್ಲಿನೋನೇ. ಇನ್ನು ನಿಮ್ಮನೆಗಳಿಗೂ ಬರ್ತಾನೆ. ಬಂದ್ರೆ ಹೆದರ್ಕೋಬೇಡಿ, ತುಂಬಾ ಸಾಧು, ಹೊಸ್ತಿಲಲ್ಲಿ ಕೂತು ಒಂದೇ ಮಾತು ಹೇಳ್ತಾನೆ, ತಪ್ಪು ನಂದೇ ಅಂತ... ನಿಮಗೆ ಕೈಮುಗೀತೀನಿ, ಅದಕ್ಕೆ ಹೂಂ ಅನ್ನಬೇಡಿ.”